ಕ್ರೈಸ್ತಮತದಲ್ಲಿ ನೀತಿಶಾಸನದ ಪ್ರಯೋಜನ



ಭೀಮಾನದಿಯ ದಂಡೆಯ ಮೇಲೆ ಚಿತ್ತಾಪುರ ತಾಲೂಕಿಗೆ ಸೇರಿದ ಸನ್ನತಿ ಎಂಬ ಗ್ರಾಮವು ಚಂದ್ರಲಾಂಬಾದೇವಿಯ ಕ್ಷೇತ್ರವೆಂದು ಈ ಸೀಮೆಯ ಆಬಾಲವೃದ್ಧರಿಗೂ ತಿಳಿದಿರುವದು. 1986ರಲ್ಲಿ ಆ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯ ಮಾಳಿಗೆಯು ಕುಸಿದುಬಿದ್ದಿತು. ಆಗ ಮೂರ್ತಿಯ ಪೀಠಕ್ಕಾಗಿ ಬಳಸಿದ್ದ ಕಲ್ಲು ಬೆಳಕಿಗೆ ಬಂದು, ಅದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅಶೋಕ ಚಕ್ರವರ್ತಿಯ ಧರ್ಮಲಿಪಿಯೆಂದು ವಿದ್ವಾಂಸರು ಓದಿ ತಿಳಿಸಿದರು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳೂ, ಅವುಗಳೊಡನೆ ಅಧಿಕಾರಿಗಳನ್ನುದ್ದೇಶಿಸಿದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿ ದೊರೆತವು. ಸಕಲ ಪ್ರಜೆಗಳೂ ತನ್ನ ಮಕ್ಕಳೆಂದೂ, ಅಧಿಕಾರಿಗಳು ಯಾರನ್ನೂ ನಿಷ್ಕಾರಣವಾಗಿ ಸೆರೆಯಲ್ಲಿಟ್ಟು ಪೀಡಿಸಲಾಗದೆಂದೂ, ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯಲಾಗದೆಂದೂ ಆ ಅರಸನು ಈ ಶಾಸನಗಳಲ್ಲಿ ಬೋಧಿಸಿರುವನು.

ಈ ಸಂಗತಿಯಲ್ಲಿ ಆಲೋಚಿಸತಕ್ಕ ಒಂದು ವಿಷಯವುಂಟು. ಆ ಕಲ್ಲು ಕಳೆದುಹೋಗಿರಲಿಲ್ಲ. ನಿತ್ಯವೂ ಪೂಜೆ ನಡೆಯುವ ಸ್ಥಳದಲ್ಲಿಯೇ ಇದ್ದಿತು. ಲಿಪಿಯನ್ನು ಬಲ್ಲವರಿಲ್ಲದ ಕಾರಣ ಮೇಲೆ ಪೂಜೆಯು ಸಾಗಿತು, ಕೆಳಗೆ ನೀತಿಯು ಮೌನವಾಗಿ ಉಳಿಯಿತು. ಇದರಲ್ಲಿ ಆ ಊರವರ ತಪ್ಪೇನೂ ಇಲ್ಲ. ಆದರೆ ಅಕ್ಷರವನ್ನು ಬಲ್ಲವರಲ್ಲಿಯೂ ಇದೇ ಸ್ಥಿತಿಯು ಉಂಟಾಗುವದಿಲ್ಲವೇ? ಆರಾಧನೆಯು ಮೇಲೆ ನಡೆಯುತ್ತಿದ್ದು, ಅದರ ಬುಡದಲ್ಲಿರುವ ನೀತಿಯನ್ನು ಯಾರೂ ಓದದಿದ್ದರೆ ಆ ಮತದ ಗತಿಯೇನು? ನೀತಿಶಾಸನವು ಯಾತಕ್ಕಾಗಿ ಕೊಡಲ್ಪಟ್ಟಿದೆ, ಅದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡಬಲ್ಲದೇ ಎಂಬ ಪ್ರಶ್ನೆಯನ್ನು ಕ್ರೈಸ್ತಮತದ ಆಚಾರ್ಯರು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿರುವರು. ಆ ಚರ್ಚೆಯ ಸಾರವನ್ನು ತಿಳಿಯುವದರಿಂದ ಶರಣಮಾರ್ಗದವರಿಗೆ ನಷ್ಟವಿಲ್ಲ, ಲಾಭವೇ ಇರುವದು. ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಅನ್ಯರ ಮತವಿಚಾರಗಳನ್ನು ಸೈರಣೆಯಿಂದ ಕಾಣುವದನ್ನು ದೊಡ್ಡ ಸಂಪತ್ತೆಂದು ಎಣಿಸಿರುವದು. ಆದುದರಿಂದ ಈ ನಾಡಿನಲ್ಲಿ ಇಂಥ ವಿಚಾರವು ಹೊಸತಲ್ಲ.

ಮೊದಲು ಕ್ರೈಸ್ತರು ನೀತಿಶಾಸನವೆಂದು ಯಾವದನ್ನು ಕರೆಯುವರೆಂಬದನ್ನು ತಿಳಿಯಬೇಕು. ಇಸ್ರಾಯೇಲ್ ಜನರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿ ಬರುವಾಗ ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ಎರಡು ಕಲ್ಲಿನ ಹಲಗೆಗಳ ಮೇಲೆ ಹತ್ತು ಆಜ್ಞೆಗಳನ್ನು ಬರೆದುಕೊಟ್ಟನೆಂದು ಅವರ ವೇದಗ್ರಂಥವು ಹೇಳುವದು. ಏಕದೇವನ ಭಕ್ತಿ, ಆತನ ನಾಮದ ಗೌರವ, ವಿಶ್ರಾಂತಿದಿನದ ಆಚರಣೆ, ತಂದೆತಾಯಿಗಳ ಸನ್ಮಾನ, ಕೊಲೆ, ಹಾದರ, ಕಳವು, ಸುಳ್ಳುಸಾಕ್ಷಿ ಇವುಗಳ ನಿಷೇಧ, ಕೊನೆಗೆ ಪರರ ಸೊತ್ತಿನ ಮೇಲಣ ಆಶೆಯ ನಿಷೇಧ, ಇವು ಆ ಆಜ್ಞೆಗಳ ವಿಷಯಗಳು. ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಬಿಡುಗಡೆ, ಆ ಬಳಿಕ ಆಜ್ಞೆ. ಆಜ್ಞೆಯನ್ನು ಪಾಲಿಸಿದ್ದರಿಂದ ದಾಸ್ಯವು ತಪ್ಪಿತೆಂದು ಆ ಕಥೆಯು ಹೇಳುವದಿಲ್ಲ; ದಾಸ್ಯವನ್ನು ತಪ್ಪಿಸಿದವನ ಪ್ರಜೆಗಳು ಹೀಗೆ ಬಾಳಬೇಕೆಂದು ಹೇಳುವದು.

ಮೋಶೆಯ ಗ್ರಂಥಗಳಲ್ಲಿ ಈ ಹತ್ತಲ್ಲದೆ ಬಲಿ, ಶೌಚ, ಆಹಾರ, ಹಬ್ಬ ಮುಂತಾದವುಗಳ ವಿಧಿಗಳೂ, ಆ ಜನಾಂಗದ ರಾಜ್ಯಕ್ಕೆ ಸಂಬಂಧಿಸಿದ ನ್ಯಾಯವಿಧಿಗಳೂ ಹೇರಳವಾಗಿರುವವು. ಹದಿಮೂರನೆಯ ಶತಮಾನದ ಮಹಾಪಂಡಿತನಾದ ಥಾಮಸ್ ಅಕ್ವಿನಾಸನು (1225–1274) ಇವುಗಳನ್ನು ನೀತಿವಿಧಿ, ಪೂಜಾವಿಧಿ, ನ್ಯಾಯವಿಧಿಗಳೆಂದು ಮೂರಾಗಿ ವಿಂಗಡಿಸಿದನು. ಪೂಜಾವಿಧಿಗಳೂ ಆ ರಾಜ್ಯದ ನ್ಯಾಯವಿಧಿಗಳೂ ಒಂದು ಕಾಲಕ್ಕೆ ಮತ್ತು ಒಂದು ಜನಾಂಗಕ್ಕೆ ಸೇರಿದವು. ನೀತಿವಿಧಿಗಳಾದರೋ ಸರ್ವಮಾನವರಿಗೂ ಸರ್ವಕಾಲದಲ್ಲಿಯೂ ಸಲ್ಲತಕ್ಕವು ಎಂಬದು ಆತನ ನಿರ್ಣಯ. ಬೀದರ, ಯಾದಗಿರಿ ಮೊದಲಾದ ಈ ಭಾಗದ ಊರುಗಳಲ್ಲಿ ಶಾಲೆ, ಆಸ್ಪತ್ರೆಗಳಿಂದ ಪರಿಚಿತರಾದ ಮೆಥಡಿಸ್ಟ್ ಸಭೆಯವರ ಮತಸೂತ್ರಗಳಲ್ಲಿಯೂ ಇದೇ ಸಿದ್ಧಾಂತವಿರುವದು. ಆ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು 1784ರಲ್ಲಿ ಸಂಗ್ರಹಿಸಿಕೊಟ್ಟ ಸೂತ್ರಗಳ ಪ್ರಕಾರ, ಮೋಶೆಯ ಪೂಜಾವಿಧಿಗಳು ಕ್ರೈಸ್ತನನ್ನು ಕಟ್ಟುವದಿಲ್ಲ; ನೀತಿಯ ಆಜ್ಞೆಗಳಿಂದ ಮಾತ್ರ ಯಾವ ಕ್ರೈಸ್ತನಿಗೂ ವಿನಾಯಿತಿಯಿಲ್ಲ. ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರೂ ಸದಾಚಾರವನ್ನು ಎಳ್ಳಷ್ಟೂ ಸಡಿಲಿಸಲಿಲ್ಲವೆಂಬದನ್ನು ಬಲ್ಲವರಿಗೆ ಈ ವಿಂಗಡಣೆಯು ಸುಲಭವಾಗಿ ಅರ್ಥವಾಗುವದು.

ಇನ್ನು ಪ್ರಯೋಜನದ ವಿಚಾರ. ಹತ್ತನೆಯ ಆಜ್ಞೆಯೇ ಈ ವಿಚಾರದ ಬಾಗಿಲು. ಕೊಲೆಯನ್ನು ಅಧಿಕಾರಿಯು ಹಿಡಿಯಬಹುದು, ಕಳವನ್ನು ತಳವಾರನು ಪತ್ತೆ ಹಚ್ಚಬಹುದು. ಆದರೆ ನೆರೆಯವನ ಹೊಲದ ಮೇಲೆ ಮನಸ್ಸಿನಲ್ಲಿ ಹುಟ್ಟಿದ ಆಶೆಯನ್ನು ಯಾವ ನ್ಯಾಯಸ್ಥಾನವು ವಿಚಾರಿಸೀತು? ಈ ಆಜ್ಞೆಯು ಹೊರಗಿನ ಕೈಯನ್ನು ಬಿಟ್ಟು ಒಳಗಿನ ಚಿತ್ತವನ್ನು ಹಿಡಿಯುವದು. ಯೇಸುವು ಇದನ್ನೇ ಮುಂದುವರಿಸಿ, ಕೊಲೆಯ ಮೂಲವು ಕೋಪದಲ್ಲಿಯೂ ಹಾದರದ ಮೂಲವು ಕೆಟ್ಟ ನೋಟದಲ್ಲಿಯೂ ಇರುವದೆಂದು ಬೋಧಿಸಿದನು. ತಾನು ಧರ್ಮಶಾಸ್ತ್ರವನ್ನು ಅಳಿಸಲು ಬಂದವನಲ್ಲ, ಅದನ್ನು ಪೂರ್ಣಗೊಳಿಸಲು ಬಂದವನೆಂದು ತಿಳಿಸಿ, ಅದರ ಸಮಸ್ತ ಸಾರವನ್ನು ದೇವರ ಪ್ರೀತಿ ಮತ್ತು ನೆರೆಯವನ ಪ್ರೀತಿ ಎಂಬ ಎರಡು ಮಾತುಗಳಲ್ಲಿ ಅಡಗಿಸಿದನು.

ಇಲ್ಲಿಯೇ ಕಠಿಣವಾದ ಸಮಸ್ಯೆಯು ಏಳುವದು. ಶಾಸನವು ಚಿತ್ತವನ್ನೇ ಕೇಳುವದಾದರೆ ಅದನ್ನು ಪೂರ್ಣವಾಗಿ ನಡೆಯಿಸುವವರು ಯಾರು? ಯೇಸುವಿನ ಅಪೊಸ್ತಲನಾದ ಪೌಲನು ಮೊದಲು ಆ ಧರ್ಮಶಾಸ್ತ್ರದಲ್ಲಿಯೇ ನುರಿತ ಆಚಾರವಂತನಾಗಿದ್ದವನು. ಆಶೆಯು ಪಾಪವೆಂಬದನ್ನು ಶಾಸನದಿಂದಲೇ ತಿಳಿದೆನೆಂದೂ, ತಿಳಿದ ಮಾತ್ರಕ್ಕೆ ಆಶೆಯು ಸಾಯಲಿಲ್ಲವೆಂದೂ ಆತನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿರುವನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತನು ಶಾಸನವನ್ನು ಒಬ್ಬ ಸೇವಕನಿಗೆ ಹೋಲಿಸಿರುವನು. ಗ್ರೀಕರ ಶ್ರೀಮಂತ ಮನೆಗಳಲ್ಲಿ ಬಾಲಕನ ಕೈಹಿಡಿದು ಗುರುವಿನ ಬಳಿಗೆ ಕರೆದೊಯ್ಯುವ, ದಾರಿಯಲ್ಲಿ ಅವನ ನಡತೆಯನ್ನು ಕಾಯುವ ಒಬ್ಬ ಆಳು ಇರುತ್ತಿದ್ದನು. ಆತನು ಗುರುವಲ್ಲ, ಆದರೆ ಆತನಿಲ್ಲದೆ ಬಾಲಕನು ಗುರುವಿನ ಬಾಗಿಲನ್ನು ಸೇರಲಾರನು. ಶಾಸನದ ಕೆಲಸವೂ ಅಂಥದೇ ಎಂಬದು ಪೌಲನ ಅಭಿಪ್ರಾಯ.

ಪೌಲನ ಈ ಮಾತುಗಳ ಮೇಲೆ ಮುಂದಿನ ಆಚಾರ್ಯರು ವಿಸ್ತಾರವಾದ ಭಾಷ್ಯವನ್ನು ಕಟ್ಟಿದರು. ಆಫ್ರಿಕಾ ಖಂಡದ ಉತ್ತರತೀರದಲ್ಲಿದ್ದ ಅಗಸ್ಟೀನನು (354–430) 412ರಲ್ಲಿ ಅಕ್ಷರ ಮತ್ತು ಆತ್ಮ ಎಂಬ ವಿಷಯವಾಗಿ ಒಂದು ಗ್ರಂಥವನ್ನು ಬರೆದು, ಅಕ್ಷರರೂಪದ ಆಜ್ಞೆಯು ಹೊರಗೆ ನಿಂತು ಬೆದರಿಸುವದೇ ಹೊರತು, ಒಳಗೆ ಪ್ರೀತಿಯನ್ನು ಹುಟ್ಟಿಸುವದು ದೇವರ ಕೃಪೆಯೊಂದೇ ಎಂದು ಸಾಧಿಸಿದನು. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರನೂ (1483–1546), ಆತನ ಸಹಚರನಾದ ಮೆಲಂಖ್ತನನೂ, ಜಿನೀವಾ ನಗರದ ಜಾನ್ ಕಾಲ್ವಿನನೂ (1509–1564) ಶಾಸನದ ಪ್ರಯೋಜನಗಳನ್ನು ಎಣಿಸಿ ಹೇಳಿದರು. ಎಣಿಕೆಯ ಕ್ರಮದಲ್ಲಿ ಭೇದವಿದ್ದರೂ ಒಟ್ಟಿಗೆ ಮೂರು ಪ್ರಯೋಜನಗಳು ಪ್ರಸಿದ್ಧವಾದವು.

ಮೊದಲನೆಯದು ತಡೆ. ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯ ಅಣೆಕಟ್ಟನ್ನು ನೋಡಿದವರಿಗೆ ಇದು ತಿಳಿಯುವದು. ಕಟ್ಟೆಯು ನೀರಿನ ಸ್ವಭಾವವನ್ನು ಬದಲಾಯಿಸದು. ತಗ್ಗಿಗೆ ನುಗ್ಗುವ ಗುಣವು ನೀರಿನಲ್ಲಿ ಇದ್ದೇ ಇರುವದು. ಆದರೆ ಕಟ್ಟೆಯಿದ್ದುದರಿಂದ ಕೆಳಗಿನ ಊರು ಉಳಿಯುವದು. ಅದರಂತೆ ದಂಡದ ಭಯದಿಂದ ಕೊಲೆಗಡುಕನ ಕೈಯು ನಿಂತರೆ ಅವನು ಸಜ್ಜನನಾದನೆಂದಲ್ಲ. ಆದಾಗ್ಯೂ ಒಬ್ಬ ನಿರಪರಾಧಿಯ ಪ್ರಾಣವು ಉಳಿಯಿತಷ್ಟೇ. ಈ ಪ್ರಯೋಜನವನ್ನು ಅಲ್ಪವೆಂದು ತಿಳಿಯಲಾಗದು.

ಎರಡನೆಯದು ಕನ್ನಡಿ. ಶಹಾಬಾದದ ಹಾಸುಗಲ್ಲು ದೂರದೂರದ ಮನೆಗಳ ನೆಲವಾಗಿರುವದು. ಅಂಥ ಕಲ್ಲಿನಿಂದ ಗೋಡೆ ಕಟ್ಟುವ ಕಸಬುದಾರನು ಗುಂಡು ಕಟ್ಟಿದ ದಾರವನ್ನು ಇಳಿಬಿಟ್ಟು ನೋಡುವನು. ಗೋಡೆಯು ಸೊಟ್ಟಗಿದ್ದರೆ ದಾರವು ತೋರಿಸಿಕೊಡುವದು. ದಾರವೇ ಗೋಡೆಯನ್ನು ನೆಟ್ಟಗೆ ಮಾಡುವದಿಲ್ಲ. ಸೊಟ್ಟವನ್ನು ತೋರಿಸಿತೆಂದು ದಾರವನ್ನು ಹರಿದೊಗೆಯುವವನು ಮೂರ್ಖನು. ದಾರವನ್ನು ಇಳಿಬಿಟ್ಟ ಮಾತ್ರಕ್ಕೆ ಗೋಡೆಯು ನೆಟ್ಟಗಾಯಿತೆಂದು ನಂಬುವವನೂ ಮೂರ್ಖನೇ. ಶಾಸನವು ಮನುಷ್ಯನ ಅಹಂಕಾರವನ್ನು ಮುರಿದು, ಅವನ ಕೊರತೆಯನ್ನು ಅವನಿಗೇ ತೋರಿಸಿ, ಕೃಪೆಯ ಬಾಗಿಲಿಗೆ ಅಟ್ಟುವದೆಂದು ಲೂಥರನು ಒತ್ತಿ ಒತ್ತಿ ಹೇಳಿದನು. ಇದೇ ಶಾಸನದ ಮುಖ್ಯ ಕಾರ್ಯವೆಂಬದು ಆತನ ಮತ.

ಮೂರನೆಯದು ದಾರಿ. ಕೃಪೆಯನ್ನು ಹೊಂದಿ ಭಕ್ತನಾದವನಿಗೆ ಮುಂದೆ ಹೇಗೆ ಬಾಳಬೇಕೆಂಬದನ್ನು ಶಾಸನವು ತೋರಿಸುವದು. ಇದೇ ಅದರ ಪ್ರಧಾನವಾದ ಪ್ರಯೋಜನವೆಂದು ಕಾಲ್ವಿನನು ತನ್ನ ಮಹಾಗ್ರಂಥದಲ್ಲಿ ಹೇಳಿರುವನು. 1874ರಲ್ಲಿ ಸಿಕಂದರಾಬಾದಿಗೆ ಹಳಿಯು ಬಿದ್ದಂದಿನಿಂದ ವಾಡಿಯು ದೊಡ್ಡ ಕೂಡುನಿಲ್ದಾಣವಾಗಿರುವದು. ಅಲ್ಲಿ ಹಳಿಗಳು ಬಂಡಿಗೆ ದಾರಿಯನ್ನು ತೋರಿಸುವವು. ಎಳೆಯುವ ಶಕ್ತಿಯು ಹಳಿಯಲ್ಲಿಲ್ಲ. ಶಕ್ತಿಯಿದ್ದು ಹಳಿಯಿಲ್ಲದಿದ್ದರೆ ಬಂಡಿಯು ಹೊಲಕ್ಕೆ ಬೀಳುವದು. ಹಳಿಯಿದ್ದು ಶಕ್ತಿಯಿಲ್ಲದಿದ್ದರೆ ನಿಂತಲ್ಲಿಯೇ ತುಕ್ಕು ಹಿಡಿಯುವದು. ಕೃಪೆಯು ಶಕ್ತಿ, ಶಾಸನವು ಹಳಿ ಎಂದು ತಿಳಿದರೆ ಈ ಸಿದ್ಧಾಂತವು ಸ್ಪಷ್ಟವಾಗುವದು.

ಈ ಮೂರನೆಯ ಪ್ರಯೋಜನದ ವಿಷಯವಾಗಿ ಕ್ರೈಸ್ತರೊಳಗೇ ದೊಡ್ಡ ವಾದವು ನಡೆಯಿತು. ಲೂಥರನ ಶಿಷ್ಯವರ್ಗದಲ್ಲಿದ್ದ ಯೋಹಾನ್ ಅಗ್ರಿಕೋಲನು, ಕೃಪೆಯನ್ನು ಹೊಂದುವವರಿಗೆ ಶಾಸನದ ಬೋಧನೆಯು ಬೇಡ, ಅದು ರಾಜ್ಯದ ಕಚೇರಿಯಲ್ಲಿರಲಿ ಎಂಬ ಅಭಿಪ್ರಾಯವನ್ನು ಹರಡಿದನು. ಕೃಪೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಸಾರಿದ್ದ ಲೂಥರನೇ 1537ರಿಂದ ಮುಂದೆ ಈ ಮತವನ್ನು ಬಲವಾಗಿ ಖಂಡಿಸಿದನು. ಕನ್ನಡಿಯನ್ನು ಒಡೆದುಹಾಕಿದವನಿಗೆ ತನ್ನ ಮುಖದ ಮಸಿಯು ಹೇಗೆ ಕಂಡೀತು? ಮಸಿಯು ಕಾಣದವನು ನೀರನ್ನೇಕೆ ಹುಡುಕುವನು? 1577ರಲ್ಲಿ ಲೂಥರನ ಅನುಯಾಯಿಗಳು ಒಡಂಬಟ್ಟು ಬರೆದ ಮತಪತ್ರದಲ್ಲಿ ಮೂರನೆಯ ಪ್ರಯೋಜನಕ್ಕೆಂದೇ ಒಂದು ಪ್ರಕರಣವನ್ನು ಇಟ್ಟು, ಭಕ್ತನು ಶಾಸನದ ಶಾಪದಿಂದ ಬಿಡುಗಡೆ ಹೊಂದಿದವನೇ ಹೊರತು ಅದರ ಬೋಧೆಯಿಂದಲ್ಲವೆಂದು ನಿರ್ಣಯಿಸಿದರು. ಕೃಪೆಯ ಹೆಸರಿನಲ್ಲಿ ಸ್ವೇಚ್ಛಾಚಾರವನ್ನು ಕ್ರೈಸ್ತಮತವು ಒಪ್ಪುವದೆಂದು ಕೆಲವರು ಹೇಳುವ ಆಕ್ಷೇಪವು ಇದರಿಂದ ನಿರಾಧಾರವೆಂದು ತಿಳಿಯಬೇಕು.

ಕನ್ನಡ ನಾಡಿನಲ್ಲಿ ಈ ವಿಚಾರಗಳು ಕನ್ನಡ ಮಾತಿನಲ್ಲಿಯೇ ಬಂದವು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನ ಪರಿಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಆ ಬಳಗದವರೇ ಆದ ಫರ್ಡಿನಾಂಡ್ ಕಿಟ್ಟೆಲ್ಲರ ಶಬ್ದಕೋಶವು 1894ರಲ್ಲಿ ಪ್ರಕಟವಾಯಿತು; ವುರ್ತ್ ಎಂಬವರು ಬಸವಪುರಾಣ, ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಿರುಗಿಸಿದರು. ಕನ್ನಡ ಬೈಬಲ್ಲಿನಲ್ಲಿ ಮೋಶೆಯ ಶಾಸನಕ್ಕೆ ರೂಢವಾದ ಶಬ್ದವು ಧರ್ಮಶಾಸ್ತ್ರವೆಂಬದೇ. ಆ ಶಬ್ದವು ಈ ಸೀಮೆಗೆ ಬಹಳ ಹಳೆಯ ನಂಟು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನಿಗೂ ಶಹಾಬಾದದ ಬಳಿಯ ಮರತೂರಿಗೂ ಇದ್ದ ಸಂಬಂಧವನ್ನು ಅಲ್ಲಿಯ ಶಾಸನದ ಆಧಾರದಿಂದ ವಿದ್ವಾಂಸರು ಹೇಳುವರು. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ವೇದಶಾಸ್ತ್ರಗಳನ್ನು ಕಲಿಸುವ ಘಟಿಕಾಸ್ಥಾನವಿದ್ದು, ಪುಸ್ತಕಗಳನ್ನು ಕಾಯುವ ಸರಸ್ವತೀಭಂಡಾರಿಗರೂ ಇದ್ದರು.

ಇಷ್ಟೊಂದು ಶಾಸ್ತ್ರವಿದ್ದ ಕಲ್ಯಾಣರಾಜ್ಯದಲ್ಲಿಯೇ, ವಿಜ್ಞಾನೇಶ್ವರನಿಂದ ಅರ್ಧಶತಮಾನವೂ ಕಳೆಯುವದರೊಳಗೆ ಬಸವಾದಿ ಪ್ರಮಥರು ಉದಿಸಿ, ಶಾಸ್ತ್ರವು ಕಲಿಸದೆ ಬಿಟ್ಟ ಒಂದು ಮಾತನ್ನು ಕೇಳಿದರು. ಮನುಷ್ಯನನ್ನು ಮನುಷ್ಯನಿಂದ ಅಗಲಿಸುವ ವಿಧಿಯು ಧರ್ಮವಾದೀತೇ ಎಂಬದೇ ಆ ಪ್ರಶ್ನೆ. ಹರಳಯ್ಯ ಮಧುವರಸರ ಮನೆತನಗಳ ಶರಣಸಂಬಂಧವನ್ನು ಅಪರಾಧವೆಂದೆಣಿಸಿ ಬಿಜ್ಜಳನು ಅವರಿಗೆ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದು ಪರಂಪರೆಯು ಹೇಳುವದು. ಅರಸನ ಕೈಯಲ್ಲಿ ವಿಧಿಯಿತ್ತು. ಶರಣರ ಪಕ್ಷದಲ್ಲಿ ನೀತಿಯಿತ್ತು. ಇಂಥ ಸಂಕಟದಲ್ಲಿ ಯಾವದು ನಿಜವಾದ ಶಾಸನ? ಅಕ್ವಿನಾಸನ ಉತ್ತರವು ಸ್ಪಷ್ಟವಾಗಿರುವದು. ಶಾಸನವೆಂದರೆ ಸರ್ವರ ಹಿತಕ್ಕಾಗಿ ವಿವೇಕವು ವಿಧಿಸಿದ ಕಟ್ಟಳೆ. ನ್ಯಾಯವಿಲ್ಲದ ಕಟ್ಟಳೆಯು ಶಾಸನದ ಹೆಸರಿಗೆ ಪಾತ್ರವಾಗದೆಂದು ಆತನು ಅಗಸ್ಟೀನನನ್ನು ಅನುಸರಿಸಿ ಹೇಳಿದನು. ಅಮೇರಿಕದ ಕರಿಯ ಜನರ ಹಕ್ಕಿಗಾಗಿ ಹೋರಾಡಿ 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗನು ಅಲ್ಲಿಂದ ಬರೆದ ಪತ್ರದಲ್ಲಿ ಇದೇ ತರ್ಕವನ್ನು ಆಶ್ರಯಿಸಿದನು. ಹೀಗೆ ನೀತಿಶಾಸನವು ಪ್ರಜೆಯನ್ನು ಮಾತ್ರವಲ್ಲ, ಅರಸನ ವಿಧಿಯನ್ನೂ ತೂಗಿನೋಡುವ ತಕ್ಕಡಿಯಾಗಿರುವದು.

ಎರಡು ಮತಗಳಲ್ಲಿ ಹೋಲಿಕೆಯಿದ್ದ ಮಾತ್ರಕ್ಕೆ ಅವು ಒಂದೇ ಎಂದು ಹೇಳುವದು ಸತ್ಯಕ್ಕೆ ಅಪಚಾರ. ಮನುಷ್ಯನ ಸೋಲಿಗೆ ಪಾಪವು ಕಾರಣವೆಂದೂ, ಯೇಸುಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣವನ್ನು ಒಪ್ಪಿಸಿದ್ದರಿಂದ ಅದಕ್ಕೆ ಪರಿಹಾರವಾಯಿತೆಂದೂ ಕ್ರೈಸ್ತರು ನಂಬುವರು. ವೀರಶೈವಸಿದ್ಧಾಂತದಲ್ಲಾದರೋ ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯವು ಬಂಧನಕ್ಕೆ ಕಾರಣ. ಶ್ರೀಗುರುವು ವೇಧಾ, ಮಂತ್ರ, ಕ್ರಿಯಾದೀಕ್ಷೆಗಳಿಂದ ಅದನ್ನು ಕಳೆದು ಅಂಗಕ್ಕೆ ಲಿಂಗಸಂಬಂಧವನ್ನು ಉಂಟುಮಾಡುವನು. ಷಟ್‌ಸ್ಥಲದ ಮೆಟ್ಟಲುಗಳನ್ನೇರಿ ಐಕ್ಯವು ಸಿದ್ಧಿಸುವದು. ಈ ಭೇದವು ದೊಡ್ಡದು. ಅದನ್ನು ಮುಚ್ಚಿಡಬೇಕಾದ ಅವಶ್ಯವಿಲ್ಲ. ಆದರೆ ಒಂದು ಅಂಶದಲ್ಲಿ ಇಬ್ಬರ ಅನುಭವವೂ ಕೂಡುವದು. ಕೃಪೆಯು ಆಚಾರದ ಬೆಲೆಗೆ ದೊರೆಯುವ ಸರಕಲ್ಲ. ಆದರೆ ಕೃಪೆಯು ನಿಜವಾಗಿದ್ದರೆ ಆಚಾರವು ಅದರ ಫಲವಾಗಿ ಕಾಣದೆ ಇರದು. ಅಷ್ಟಾವರಣದಲ್ಲಿ ಗುರುವು ಮೊದಲು. ಪಂಚಾಚಾರವು ಆ ಗುರುಕಾರುಣ್ಯವು ಬದುಕಿನಲ್ಲಿ ಕಾಣುವ ಬಗೆ. ಬಸವಣ್ಣನವರು ಏಳು ನಿಷೇಧಗಳನ್ನು ಒಂದೇ ವಚನದಲ್ಲಿ ಅಳವಡಿಸಿದಾಗಲೂ, ಅವು ಒಳಗಿನ ಹಾಗೂ ಹೊರಗಿನ ಶುದ್ಧಿಯನ್ನು ಒಟ್ಟಿಗೆ ಕೇಳುವವು.

ಹಾಗಾದರೆ ಈ ವಿಚಾರದಿಂದ ಭಕ್ತರಾದವರು ತಮ್ಮ ವಿಷಯದಲ್ಲಿ ಏನನ್ನು ಕೇಳಿಕೊಳ್ಳಬೇಕು? 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ ಹದಿನೇಳನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿದ ಕಾಯಿದೆಯೂ ಬಂದಿತು. ಇದು ಶಾಸನದ ಮೊದಲನೆಯ ಪ್ರಯೋಜನ, ಅಂದರೆ ತಡೆ. ಕಾಯಿದೆಯು ಗುಡಿಯ ಬಾಗಿಲನ್ನು ತೆರೆಯಿಸೀತು, ಬಾವಿಯ ಹಗ್ಗವನ್ನು ಕೈಗೆ ಕೊಡಿಸೀತು. ಹಗ್ಗವನ್ನು ಹಿಡಿದವನನ್ನು ಅಣ್ಣನೆಂದು ಕರೆಯುವ ಮನಸ್ಸನ್ನು ಕಾಯಿದೆಯು ಕೊಡಲಾರದು. ಎಂಟುನೂರು ವರ್ಷಗಳ ಹಿಂದೆಯೇ ಆ ಮನಸ್ಸನ್ನು ಪಡೆದ ಶರಣರ ಹೆಸರನ್ನು ಹೇಳುವವರು, ಸರಕಾರದ ಕಾಯಿದೆಗೆ ಅಂಜಿ ಮಾತ್ರ ಸಮತೆಯನ್ನು ನಡೆಯಿಸಿದರೆ, ಗುರುಕಾರುಣ್ಯವು ಎಲ್ಲಿ ಉಳಿಯಿತು? ತೊಗರಿಯನ್ನು ಅಳೆಯುವಾಗ ತೂಕದ ಅಧಿಕಾರಿಯು ಎದುರಿಗಿದ್ದಾನೆಂದು ಸರಿಯಾಗಿ ಅಳೆಯುವವನು ತಡೆಯ ಮೆಟ್ಟಲಲ್ಲಿರುವನು. ತನ್ನ ಹಿಂದಿನ ಮೋಸವನ್ನು ನೆನೆದು ನಾಚಿ ಗುರುವಿನ ಪಾದಕ್ಕೆ ಬಾಗುವವನು ಕನ್ನಡಿಯ ಮೆಟ್ಟಲಲ್ಲಿರುವನು. ಯಾರು ನೋಡಲಿ, ಬಿಡಲಿ, ಕಾಯಕವೇ ಲಿಂಗಪೂಜೆಯೆಂದು ಸಂತೋಷದಿಂದ ಸರಿಯಾಗಿ ಅಳೆಯುವವನಿಗೆ ಶಾಸನವು ಹೊರೆಯಾಗಿ ಉಳಿಯದೆ ದಾರಿಯಾಗಿರುವದು.

ಯಾರು ಯಾವ ಮೆಟ್ಟಲಲ್ಲಿರುವರೆಂಬದನ್ನು ಪರರು ನಿರ್ಣಯಿಸಲಾಗದು. ಪ್ರತಿಯೊಬ್ಬರೂ ತಮ್ಮ ಅಂತಃಸಾಕ್ಷಿಯ ಎದುರಿನಲ್ಲಿ ನಿಂತು ಗೊತ್ತುಮಾಡಿಕೊಳ್ಳಬೇಕು. ಕ್ರೈಸ್ತರ ಪ್ರವಾದಿಯಾದ ಯೆರೆಮೀಯನು, ಒಂದು ಕಾಲದಲ್ಲಿ ದೇವರು ತನ್ನ ಶಾಸನವನ್ನು ಕಲ್ಲಿನ ಮೇಲಲ್ಲ, ಜನರ ಹೃದಯದಲ್ಲಿಯೇ ಬರೆಯುವನೆಂದು ನಿರೀಕ್ಷಿಸಿದನು. ಶರಣರಾದರೋ ಹೊರಗಿನ ಗುಡಿಯನ್ನು ದೇಹದೊಳಗೆ ತಂದು, ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದರು. ಎದೆಯ ಮೇಲಿನ ಲಿಂಗಕ್ಕೆ ನಿತ್ಯವೂ ಪೂಜೆಯು ಸಲ್ಲುತ್ತಿರುವದು. ಅದರ ಹಿಂದೆ ಎದೆಯೊಳಗೆ ಬರೆದಿರುವ ನೀತಿಯನ್ನು ಓದುವವರೂ ಆಗಬೇಕು. ಸನ್ನತಿಯ ಕಲ್ಲನ್ನು ಓದಿಸುವದಕ್ಕೆ ಮಾಳಿಗೆಯೇ ಕುಸಿದು ಬೀಳಬೇಕಾಯಿತು. ಮಠದ ಆಶ್ರಯದಲ್ಲಿರುವ ಭಕ್ತಸಮೂಹಕ್ಕೆ ಅಂಥ ಕುಸಿತದ ಅವಶ್ಯವು ಬಾರದಿರಲಿ. ಶ್ರೀಗುರುವಿನ ಕರುಣೆಯಿಂದ ಪೂಜೆಯೂ ನೀತಿಯೂ ಒಂದೇ ಎದೆಯಲ್ಲಿ ನೆಲೆಗೊಂಡು, ಸಕಲ ಮತದವರೊಡನೆ ಸೌಹಾರ್ದವು ಬೆಳೆದು, ಸೀಮೆಯೆಲ್ಲ ಸುಖವಾಗಿರಲಿ.

ಮಂಗಳಮಸ್ತು.